ಕಾಲಿನ ಕಲೆ, ಅಂಕದ ಆಟ

ಮಕ್ಕಳಿಗೆ ಸಂಗೀತ, ನೃತ್ಯ, ಚಿತ್ರಕಲೆಗಳನ್ನು ಕಲಿಸುವಂತೆಯೇ ಆತ್ಮರಕ್ಷಣೆಯ ವಿದ್ಯೆಯನ್ನೂ ಕಲಿಸಬೇಕೆಂಬ ಆಸೆ ಇಂದು ನಮ್ಮ ಮನೆಮನೆಗಳಲ್ಲಿ ಬೆಳೆದಿದೆ. ಹೆಣ್ಣುಮಕ್ಕಳ ತಂದೆತಾಯಿಗಳಲ್ಲಂತೂ ಈ ಆಸೆ ಇನ್ನೂ ಹೆಚ್ಚು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಂತಹ ಊರುಗಳಲ್ಲಿ ಸಂಜೆಯ ಹೊತ್ತು ಶಾಲೆಗಳ ಸಭಾಂಗಣಗಳ ಮುಂದೆ ಹಾಯ್ದು ಹೋದರೆ, ಬಿಳಿಯ ಉಡುಪು ತೊಟ್ಟು, ನಡುವಿಗೆ ಬಣ್ಣದ ಪಟ್ಟಿ ಬಿಗಿದು, ಒಕ್ಕೊರಲಿನಿಂದ ಕೂಗುತ್ತಿರುವ ಮಕ್ಕಳ ಸಾಲುಗಳನ್ನು ಕಾಣಬಹುದು. ದಾರಿಹೋಕರು ಅದನ್ನೆಲ್ಲ ‘ಕರಾಟೆ ಕ್ಲಾಸು’ ಎಂದೇ ಕರೆಯುತ್ತಾರೆ. ಅವುಗಳಲ್ಲಿ ಕೆಲವು ಕರಾಟೆಯವಲ್ಲ. ಕೊರಿಯಾ ದೇಶದ ಟೇಕ್ವಾಂಡೋ ವಿದ್ಯೆಯವು. ನನ್ನ ಮೊಮ್ಮಗಳು ಏಳನೆಯ ವಯಸ್ಸಿನಿಂದ ಅಂತಹ ಒಂದು ತರಗತಿಗೆ ಹೋಗುತ್ತಿದ್ದಾಳೆ. ಈಗ ಅವಳಿಗೆ ಹದಿನಾರು. ಈ ಒಂಬತ್ತು ವರ್ಷ ಅವಳನ್ನು ಕರೆದೊಯ್ಯುವುದು, ಗೋಡೆಬದಿಯ ಬೆಂಚಿನ ಮೇಲೆ ಕಾದು ಕೂಡುವುದು, ಮರಳಿ ಕರೆತರುವುದು ನಿವೃತ್ತ ಶಿಕ್ಷಕನಾದ ನನ್ನ ಪಾಲಿನ ಕೆಲಸವಾಗಿದೆ. ಹೀಗೆ ಕುಳಿತು ಕಂಡದ್ದನ್ನೂ, ಕಂಡದ್ದು ಅರ್ಥವಾಗಲೆಂದು ಓದಿ ತಿಳಿದದ್ದನ್ನೂ ಓದುಗರೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

‘ಟೇಕ್ವಾಂಡೋ’ ಎಂಬ ಪದದಲ್ಲಿ ಮೂರು ತುಂಡುಗಳಿವೆ. ‘ಟೇ’ ಎಂದರೆ ಕಾಲಿನಿಂದ ಒದೆಯುವುದು, ‘ಕ್ವಾನ್’ ಎಂದರೆ ಮುಷ್ಟಿ, ‘ಡೋ’ ಎಂದರೆ ಮಾರ್ಗ. ಇದೇ ಒಂದು ಹೆಸರಿನ ಅಡಿಯಲ್ಲಿ ಇಂದು ಎರಡು ಬಗೆಯ ಬದುಕು ನಡೆಯುತ್ತಿದೆ. ಒಂದು, ನಾಲ್ಕು ವರ್ಷಕ್ಕೊಮ್ಮೆ ಒಲಿಂಪಿಕ್ಸ್ ಕ್ರೀಡಾಕೂಟದಲ್ಲಿ ಜಗತ್ತೆಲ್ಲ ನೋಡುವ, ಅಂಕಗಳನ್ನು ಎಣಿಸುವ ಸ್ಪರ್ಧೆ. ಇನ್ನೊಂದು, ಯಾರೂ ನೋಡದ ಸಭಾಂಗಣದಲ್ಲಿ ಗುರುವಿನ ಮುಂದೆ ವರ್ಷಗಟ್ಟಲೆ ಒಂದೇ ಚಲನೆಯನ್ನು ತಿದ್ದಿಕೊಳ್ಳುವ ಅಭ್ಯಾಸ. ಇವೆರಡೂ ಒಡಹುಟ್ಟಿದವೋ ಅಥವಾ ಒಂದೇ ವಠಾರದ ಬಾಡಿಗೆದಾರರೋ ಎಂಬ ಚರ್ಚೆ ಈ ವಿದ್ಯೆಯನ್ನು ಬಲ್ಲವರ ನಡುವೆ ಬಹುಕಾಲದಿಂದ ನಡೆದಿದೆ. ನಮ್ಮ ಮನೆಯಲ್ಲಿ ಆ ಚರ್ಚೆ ಮೂರು ವರ್ಷಗಳ ಹಿಂದೆ ಊಟದ ತಟ್ಟೆಯವರೆಗೂ ಬಂದಿತು. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ. ಮೊದಲು ಇವೆರಡರ ಪರಿಚಯವಾಗಬೇಕು.

ಅಭ್ಯಾಸದ ಸ್ಥಳಕ್ಕೆ ಕೊರಿಯನ್ ಭಾಷೆಯಲ್ಲಿ ‘ದೋಜಾಂಗ್’ ಎನ್ನುತ್ತಾರೆ. ನಮ್ಮ ಮಕ್ಕಳ ದೋಜಾಂಗ್ ಎಂದರೆ ಒಂದು ಹಳೆಯ ಶಾಲೆಯ ಸಭಾಂಗಣ. ನಾಲ್ಕು ಕಿಟಕಿ, ಎರಡು ಟ್ಯೂಬ್‌ಲೈಟು, ಜೋಡಿಸಿಡುವ ರಬ್ಬರಿನ ಹಾಸುಗಳು. ಮಕ್ಕಳು ಚಪ್ಪಲಿಗಳನ್ನು ಹೊರಗೆ ಸಾಲಾಗಿ ಬಿಟ್ಟು, ಹೊಸ್ತಿಲಲ್ಲಿ ನಿಂತು ಬಾಗಿ ನಮಸ್ಕರಿಸಿ ಒಳಬರುತ್ತಾರೆ. ಹಾಸುಗಳನ್ನು ಒರೆಸಿ ಜೋಡಿಸುವವರು ಅವರೇ. ಗುರುಗಳು ರೈಲ್ವೆಯ ನೌಕರರು. ಪಾಳಿ ಮುಗಿಸಿ ಬಂದು, ಕೈಕಾಲು ತೊಳೆದು, ತಮ್ಮ ಸವೆದ ಕಪ್ಪು ಪಟ್ಟಿಯನ್ನು ಕಟ್ಟಿಕೊಂಡು ನಿಂತರೆಂದರೆ ಸಭಾಂಗಣ ನಿಶ್ಶಬ್ದವಾಗುತ್ತದೆ. ‘ಹಾನಾ, ದೂಲ್, ಸೇತ್’ ಎಂದು ಕೊರಿಯನ್ ಎಣಿಕೆ ಆರಂಭವಾಗುತ್ತದೆ. ಕುದುರೆ ಏರಿದವರಂತೆ ಮಂಡಿ ಬಗ್ಗಿಸಿ ನಿಂತು ಮುಷ್ಟಿಯ ಹೊಡೆತಗಳು, ಆಮೇಲೆ ಒದೆಗಳು, ಬಲಗಾಲಿಗೆ ಎಷ್ಟೋ ಎಡಗಾಲಿಗೂ ಅಷ್ಟೇ.

ಇದಾದ ಮೇಲೆ ಬರುವುದು ‘ಪೂಮ್ಸೆ’. ಒಬ್ಬಂಟಿಯಾಗಿ, ಎದುರಿಗೆ ಕಾಣದ ಎದುರಾಳಿಗಳಿದ್ದಾರೆಂದು ಭಾವಿಸಿಕೊಂಡು, ನಿಗದಿತ ಕ್ರಮದಲ್ಲಿ ತಡೆ, ಗುದ್ದು, ಒದೆಗಳನ್ನು ಮಾಡುತ್ತ ಹೋಗುವ ಚಲನೆಗಳ ಸರಣಿಗೆ ಆ ಹೆಸರು. ಕಪ್ಪು ಪಟ್ಟಿಗೆ ಮೊದಲು ಕಲಿಯಬೇಕಾದ ಎಂಟು ಪೂಮ್ಸೆಗಳಿಗೆ ‘ಟೇಗುಕ್’ ಎಂಬ ಒಟ್ಟು ಹೆಸರಿದೆ. ಚೀನಾದ ಪ್ರಾಚೀನ ಗ್ರಂಥವೊಂದರಲ್ಲಿ ಹೇಳಿರುವ ಎಂಟು ತ್ರಿರೇಖಾ ಚಿಹ್ನೆಗಳಿಗೆ ಅವು ಒಂದೊಂದಾಗಿ ಸಲ್ಲುತ್ತವೆ; ಮೊದಲನೆಯದು ಆಕಾಶ, ಎಂಟನೆಯದು ಭೂಮಿ. ಮೊದಲನೆಯದರಲ್ಲಿ ಹದಿನೆಂಟು ಚಲನೆಗಳಿವೆ. ಹೊರಟ ಜಾಗಕ್ಕೇ ಮರಳಿ ಬಂದು ನಿಲ್ಲಬೇಕು. ಒಂದು ಗೇಣು ಆಚೀಚೆಯಾದರೆ ಎಲ್ಲೋ ಒಂದು ಹೆಜ್ಜೆ ಉದ್ದವೋ ಗಿಡ್ಡವೋ ಆಗಿದೆ ಎಂದೇ ಅರ್ಥ. ನನ್ನ ಮೊಮ್ಮಗಳು ಈ ಹದಿನೆಂಟು ಚಲನೆಗಳಿಗೆ ಒಂದು ಇಡೀ ಮಳೆಗಾಲವನ್ನು ಕೊಟ್ಟಳು. ಅಡುಗೆಮನೆಯಿಂದ ಪಡಸಾಲೆಗೆ ನೀರಿನ ತಂಬಿಗೆ ತರುವಾಗಲೂ ಅವಳ ಹೆಜ್ಜೆ ಅದರದೇ ಆಗಿರುತ್ತಿತ್ತು.

ಸ್ಪರ್ಧೆಯ ಕಣದ ರೀತಿಯೇ ಬೇರೆ. ಎಂಟು ಮೂಲೆಯ ಹಾಸು, ಒಬ್ಬರಿಗೆ ನೀಲಿ ಎದೆಗವಚ, ಇನ್ನೊಬ್ಬರಿಗೆ ಕೆಂಪು, ತಲೆಗೆ ಶಿರಸ್ತ್ರಾಣ. ಎರಡೆರಡು ನಿಮಿಷಗಳ ಸುತ್ತುಗಳು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೂರು ಸುತ್ತುಗಳಲ್ಲಿ ಎರಡನ್ನು ಗೆದ್ದವರಿಗೆ ಜಯವೆಂಬ ಪದ್ಧತಿಯಿತ್ತು. ಎದೆಗವಚದ ಮೇಲೆ ಮುಷ್ಟಿಯ ಹೊಡೆತಕ್ಕೆ 1 ಅಂಕ, ಒದೆಗೆ 2. ತಲೆಗೆ ಒದ್ದರೆ 3. ದೇಹವನ್ನು ತಿರುಗಿಸಿ ಒದ್ದದ್ದಾದರೆ ಎದೆಗೆ 4, ತಲೆಗೆ 5. ಮುಖಕ್ಕೆ ಮುಷ್ಟಿಯಿಂದ ಹೊಡೆಯುವಂತೆಯೇ ಇಲ್ಲ. ಹೀಗಾಗಿ ತರಗತಿಯಲ್ಲಿ ಕಲಿತ ಕೈಯ ಕೆಲಸದಲ್ಲಿ ಬಹುಪಾಲು ಕಣದ ಹೊರಗೇ ಉಳಿಯುತ್ತದೆ.

ಅಂಕವನ್ನು ಎಣಿಸುವವರು ಯಾರು ಎಂಬ ಮಾತಿನಲ್ಲಿಯೇ ಈ ಆಟದ ಇತ್ತೀಚಿನ ಇತಿಹಾಸ ಅಡಗಿದೆ. ಹಿಂದೆ ಮೂಲೆಗಳಲ್ಲಿ ಕುಳಿತ ತೀರ್ಪುಗಾರರು ಕಣ್ಣಿನಿಂದ ಕಂಡು, ಸಪ್ಪಳ ಕೇಳಿ, ಗುಂಡಿ ಒತ್ತಿ ಅಂಕ ಕೊಡುತ್ತಿದ್ದರು. ಪಕ್ಷಪಾತದ ದೂರುಗಳು ತಪ್ಪಿದ್ದಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಸಾರಾ ಸ್ಟೀವನ್‌ಸನ್ ಅವರು ಎದುರಾಳಿಯ ತಲೆಗೆ ಒದ್ದದ್ದನ್ನು ತೀರ್ಪುಗಾರರು ಗಮನಿಸಲಿಲ್ಲ. ಪಂದ್ಯ ಮುಗಿದ ಮೇಲೆ ಚಿತ್ರಮುದ್ರಣವನ್ನು ನೋಡಿ ಫಲಿತಾಂಶವನ್ನೇ ತಿರುಗಿಸಬೇಕಾಯಿತು. 2012ರ ಲಂಡನ್ ಒಲಿಂಪಿಕ್ಸ್‌ನಿಂದ ವಿದ್ಯುನ್ಮಾನ ಎದೆಗವಚ ಬಂದಿತು. 2016ರ ರಿಯೋ ಕ್ರೀಡಾಕೂಟದ ಹೊತ್ತಿಗೆ ಶಿರಸ್ತ್ರಾಣಕ್ಕೂ ಅದೇ ವ್ಯವಸ್ಥೆಯಾಯಿತು. ಆಟಗಾರರು ತೊಡುವ ಕಾಲುಚೀಲದಲ್ಲಿ ಅಯಸ್ಕಾಂತದಂತಹ ತುಣುಕುಗಳಿರುತ್ತವೆ; ಅವು ಕವಚಕ್ಕೆ ಸಾಕಷ್ಟು ಬಲದಿಂದ ತಾಗಿದರೆ ಅಂಕ ತಾನಾಗಿಯೇ ಫಲಕದ ಮೇಲೆ ಮೂಡುತ್ತದೆ. ಯಂತ್ರಕ್ಕೆ ತನ್ನವರು, ಪರಕೀಯರು ಎಂಬ ಭೇದವಿಲ್ಲವಾದ್ದರಿಂದ ಇದು ನ್ಯಾಯದ ದೃಷ್ಟಿಯಿಂದ ದೊಡ್ಡ ಸುಧಾರಣೆಯೇ ಸರಿ.

ಆದರೆ ಯಂತ್ರ ಬಂದ ಮೇಲೆ ಕಾಲು ಬದಲಾಯಿತು. ಹಿಂದಿನ ಕಾಲನ್ನು ಬೀಸಿ, ಸೊಂಟವನ್ನು ತಿರುಗಿಸಿ, ಇಡೀ ದೇಹದ ಭಾರವನ್ನು ಹಾಕಿ ಒದೆಯುವುದು ಹಳೆಯ ಕ್ರಮ. ಕವಚಕ್ಕೆ ತಾಗಿಸಿದರೆ ಸಾಕೆಂದಾದಾಗ ಮುಂದಿನ ಕಾಲನ್ನೇ ಎತ್ತಿ, ಗಾಳಿಯಲ್ಲಿ ಆಡಿಸುತ್ತ, ಸಂದು ಸಿಕ್ಕಲ್ಲಿ ಚುಚ್ಚುವ ಆಟ ಹೆಚ್ಚಿತು. ಹಳಬರು ಇದನ್ನು ‘ಕಾಲಿನ ಕತ್ತಿವರಸೆ’ ಎಂದು ಹಾಸ್ಯ ಮಾಡಿದರು. ಎದುರಾಳಿಯನ್ನು ತಬ್ಬಿಕೊಂಡಂತೆ ಹತ್ತಿರ ನಿಂತು ಪಾದವನ್ನು ಬಾಗಿಸಿ ಹಿಂಬದಿಗೆ ತಾಗಿಸುವ, ಯಾವ ಗುರುವೂ ಕಲಿಸದ ವಿಚಿತ್ರ ಒದೆಗಳೂ ಹುಟ್ಟಿಕೊಂಡವು. ಆಡಳಿತದವರು ಸುಮ್ಮನಿರಲಿಲ್ಲ, ತಿರುಗಿ ಒದೆಯುವುದಕ್ಕೆ ಅಂಕ ಹೆಚ್ಚಿಸಿದರು, ಕಾಲೆತ್ತಿ ತಡೆಯುತ್ತ ಕಾಲ ಕಳೆಯುವವರಿಗೆ ದಂಡನೆಯಾಗಿ ಎದುರಾಳಿಗೆ ಒಂದು ಅಂಕ ಕೊಡುವಂತೆ ಮಾಡಿದರು. ನಿಯಮ ಬದಲಾದಂತೆಲ್ಲ ಆಟಗಾರರ ನಿಲುವು, ನಡಿಗೆ, ಒದೆಗಳೂ ಬದಲಾದವು. ಕ್ರೀಡೆಯಲ್ಲಿ ನಿಯಮಪುಸ್ತಕವೇ ದೊಡ್ಡ ಗುರುವೆಂಬುದು ನನಗೆ ಮನವರಿಕೆಯಾದದ್ದು ಇದರಿಂದ. ದೋಜಾಂಗಿನ ಗುರು ಮಗುವಿನ ಮಂಡಿಯನ್ನು ನೋಡಿ ತಿದ್ದುತ್ತಾರೆ. ನಿಯಮಪುಸ್ತಕಕ್ಕೆ ಯಾರ ಮಂಡಿಯೂ ಕಾಣಿಸುವುದಿಲ್ಲ.

ಇಷ್ಟು ಹೇಳಿದಾಗ, ಹಾಗಾದರೆ ಅಭ್ಯಾಸವೇ ಪ್ರಾಚೀನ, ಸ್ಪರ್ಧೆ ಮಾತ್ರ ನಿನ್ನೆ ಮೊನ್ನೆಯ ಬೆರಕೆ ಎಂದು ಓದುಗರು ತಿಳಿಯಬಹುದು. ನಾನೂ ಹಾಗೆಯೇ ಇರಬೇಕೆಂದು ಊಹಿಸಿ ಓದತೊಡಗಿದೆ. ಇತಿಹಾಸ ಅಷ್ಟು ಸರಳವಾಗಿಲ್ಲ.

ತರಗತಿಗಳಲ್ಲಿ ಹಂಚುವ ಪುಸ್ತಿಕೆಗಳು ಟೇಕ್ವಾಂಡೋ ಎರಡು ಸಾವಿರ ವರ್ಷಗಳಷ್ಟು ಹಳೆಯದೆನ್ನುತ್ತವೆ. ಕೊರಿಯಾದ ಹಳೆಯ ಗೋರಿಗಳ ಗೋಡೆಚಿತ್ರಗಳನ್ನೂ ಸಿಲ್ಲಾ ರಾಜ್ಯದ ‘ಹ್ವಾರಾಂಗ್’ ಎಂಬ ಯುವವೀರರನ್ನೂ ಸಾಕ್ಷಿಗೆ ಕರೆಯುತ್ತವೆ. ಆದರೆ ಈ ಹೆಸರು ಹುಟ್ಟಿದ್ದು 1955ರಲ್ಲಿ. ಅದನ್ನು ಸೂಚಿಸಿದವರು ಚೋಯ್ ಹೊಂಗ್ ಹಿ ಎಂಬ ಸೇನಾಧಿಕಾರಿ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಆ ಕಾಲದಲ್ಲಿ ಜಪಾನಿಗೆ ಓದಲು ಹೋದ ಕೆಲವು ಕೊರಿಯನ್ ತರುಣರು ಅಲ್ಲಿ ಕರಾಟೆ ಕಲಿತರು. ಚೋಯ್ ಅವರೂ ಅವರಲ್ಲೊಬ್ಬರು. ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಅಂತಹವರು ಸೋಲ್ ನಗರದಲ್ಲಿ ‘ಕ್ವಾನ್’ ಎಂಬ ಶಾಲೆಗಳನ್ನು ತೆರೆದರು. ಆ ಶಾಲೆಗಳು ಒಂದೇ ಹೆಸರಿನ ಕೆಳಗೆ ಕೂಡಿದಾಗ ಟೇಕ್ವಾಂಡೋ ಆಯಿತು. ತಮ್ಮನ್ನು ಆಳಿದವರಿಂದ ಕಲಿತದ್ದನ್ನು ತಮ್ಮದನ್ನಾಗಿ ಮಾಡಿಕೊಳ್ಳುವ ಹಂಬಲ, ಅದಕ್ಕೆ ಹಳೆಯ ವಂಶಾವಳಿ ಕಟ್ಟುವ ಆತುರ, ಎರಡೂ ಅಲ್ಲಿದ್ದವು. ಪರಾಧೀನತೆಯನ್ನು ಕಂಡ ನಮಗೆ ಅದು ಅರ್ಥವಾಗದ ಭಾವನೆಯೇನಲ್ಲ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಚಕಿತಗೊಳಿಸಿತು. ಟೇಕ್ವಾಂಡೋ ಸ್ಪರ್ಧೆಗಳು 1960ರ ದಶಕದ ಆರಂಭದಲ್ಲಿಯೇ ಕೊರಿಯಾದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಸೇರಿಕೊಂಡಿದ್ದವು. ಮೊಮ್ಮಗಳು ಭಕ್ತಿಯಿಂದ ಕಲಿತ ಆ ಟೇಗುಕ್ ಪೂಮ್ಸೆಗಳು ರಚನೆಯಾದದ್ದು 1970ರ ದಶಕದ ಆರಂಭದಲ್ಲಿ. ಅಂದರೆ ನಾವು ಸಂಪ್ರದಾಯವೆಂದು ಕೈಮುಗಿಯುವುದು ನನಗಿಂತಲೂ ಚಿಕ್ಕ ವಯಸ್ಸಿನದು; ನಾವು ಹೊಸತೆಂದು ಮೂಗುಮುರಿಯುವ ಸ್ಪರ್ಧೆ ಅದಕ್ಕಿಂತ ಹಿರಿಯದು! ಕೊರಿಯಾದಲ್ಲಿ ನಿಜವಾಗಿಯೂ ಹಳೆಯದಾದ ಕಾಲಿನ ವಿದ್ಯೆಯೊಂದಿದೆ. ಅದರ ಹೆಸರು ‘ಟೇಕ್ಯೊನ್’. ಕುಣಿತದಂತಹ ಹೆಜ್ಜೆ ಹಾಕುತ್ತ, ಕಾಲಿನಿಂದ ಎದುರಾಳಿಯನ್ನು ಕೆಡವುವ ಜನಪದ ಆಟವದು. ಹಬ್ಬದ ದಿನಗಳಲ್ಲಿ ಊರವರ ಮುಂದೆ ನಡೆಯುತ್ತಿತ್ತು. ಜಪಾನೀಯರ ಕಾಲದಲ್ಲಿ ಅದು ಅಳಿವಿನ ಅಂಚಿಗೆ ಹೋಗಿ, ಸೋಂಗ್ ದೋಕ್ ಗಿ ಎಂಬ ಹಿರಿಯರಲ್ಲಿ ಉಳಿದುಕೊಂಡು, 1983ರಲ್ಲಿ ಕೊರಿಯಾ ಸರಕಾರದ ಮನ್ನಣೆಯನ್ನೂ 2011ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಯಲ್ಲಿ ಸ್ಥಾನವನ್ನೂ ಪಡೆಯಿತು. ಟೇಕ್ವಾಂಡೋಗೂ ಅದಕ್ಕೂ ಎಷ್ಟು ನಂಟು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಕೊರಿಯಾದ ಹಳೆಯ ಕಾಲಿನ ವಿದ್ಯೆ ಜನರೆದುರಿನ ಸ್ಪರ್ಧೆಯೇ ಆಗಿತ್ತೆಂಬುದನ್ನು ಮರೆಯುವಂತಿಲ್ಲ.

ಮುಂದಿನ ಕಥೆಯಲ್ಲಿ ರಾಜಕೀಯವೂ ಬೆರೆತಿದೆ. ಚೋಯ್ 1966ರಲ್ಲಿ ಅಂತರರಾಷ್ಟ್ರೀಯ ಟೇಕ್ವಾಂಡೋ ಒಕ್ಕೂಟವನ್ನು ಸ್ಥಾಪಿಸಿದರು. ತಮ್ಮ ದೇಶದ ಸರಕಾರದೊಡನೆ ಮನಸ್ತಾಪವಾಗಿ 1972ರಲ್ಲಿ ಕೆನಡಾಕ್ಕೆ ಹೊರಟುಹೋದರು. ಅದೇ ವರ್ಷ ಸೋಲ್ ನಗರದಲ್ಲಿ ‘ಕುಕ್ಕಿವೊನ್’ ಎಂಬ ಕೇಂದ್ರ ಮಂದಿರ ತೆರೆಯಿತು. ಮರುವರ್ಷ ವಿಶ್ವ ಒಕ್ಕೂಟ ಹುಟ್ಟಿತು. ಪಟ್ಟಿಯ ಅರ್ಹತಾಪತ್ರ ಕೊಡುವುದು ಕುಕ್ಕಿವೊನ್, ಸ್ಪರ್ಧೆ ನಡೆಸುವುದು ವಿಶ್ವ ಒಕ್ಕೂಟ. ಚೋಯ್ ಪಂಥದವರು ತಮ್ಮದೇ ಇಪ್ಪತ್ತನಾಲ್ಕು ಸರಣಿಗಳೊಡನೆ, ದಿನದ ಇಪ್ಪತ್ತನಾಲ್ಕು ಗಂಟೆಗಳಿಗೆ ಅವನ್ನು ಹೋಲಿಸುತ್ತ, ಬೇರೆಯಾಗಿಯೇ ಉಳಿದರು. ವಿಶ್ವ ಒಕ್ಕೂಟದ ಆಟ 1988ರ ಸೋಲ್ ಮತ್ತು 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗಳಲ್ಲಿ ಪ್ರದರ್ಶನ ಕ್ರೀಡೆಯಾಗಿದ್ದು, 2000ದ ಸಿಡ್ನಿಯಿಂದ ಪದಕದ ಕ್ರೀಡೆಯಾಯಿತು. ಇದರ ಫಲ ಸಣ್ಣದಲ್ಲ. ಅಫ್ಘಾನಿಸ್ತಾನಕ್ಕೆ ಒಲಿಂಪಿಕ್ಸ್‌ನ ಮೊಟ್ಟಮೊದಲ ಪದಕ ದೊರೆತದ್ದು 2008ರಲ್ಲಿ, ರೊಹುಲ್ಲಾ ನಿಕ್‌ಪಾಯ್ ಅವರ ಟೇಕ್ವಾಂಡೋ ಕಂಚಿನಿಂದ. ಜೋರ್ಡಾನ್ ದೇಶದ ಮೊದಲ ಪದಕವೂ 2016ರಲ್ಲಿ ಇದೇ ಆಟದಲ್ಲಿ, ಅದೂ ಚಿನ್ನ. ಟೋಕಿಯೋದ ಪ್ಯಾರಾಲಿಂಪಿಕ್ಸ್‌ನಲ್ಲಿ ಈ ಆಟ ಮೊದಲ ಬಾರಿಗೆ ಸೇರಿದಾಗ ನಮ್ಮ ದೇಶದ ಅರುಣಾ ತನ್ವರ್ ಕಣಕ್ಕಿಳಿದಿದ್ದರು. ಸ್ಪರ್ಧೆ ಇರದಿದ್ದರೆ ಹುಬ್ಬಳ್ಳಿಯ ಸಭಾಂಗಣಕ್ಕೆ ಈ ವಿದ್ಯೆ ಬರುತ್ತಿತ್ತೋ ಇಲ್ಲವೋ, ಸಂಶಯವೇ.

ಇದನ್ನೆಲ್ಲ ಯೋಚಿಸುವಾಗ ನನಗೆ ನಮ್ಮ ತಂದೆಯವರ ಗರಡಿಮನೆ ನೆನಪಾಗುತ್ತದೆ. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡಿದ ಅಖಾಡ. ಮಣ್ಣನ್ನು ಹಣೆಗೆ ಹಚ್ಚಿಕೊಳ್ಳದೆ ಯಾರೂ ಇಳಿಯುತ್ತಿರಲಿಲ್ಲ. ಅಲ್ಲಿ ಬೆನ್ನು ನೆಲಕ್ಕೆ ಹತ್ತಿದರೆ ಸೋಲು, ಅಂಕವೆಂಬುದಿಲ್ಲ. ಒಲಿಂಪಿಕ್ಸ್‌ನ ಕುಸ್ತಿಯೋ ಹಾಸಿನ ಮೇಲೆ, ಗಡಿಯಾರದ ಕೆಳಗೆ, ಅಂಕ ಎಣಿಸಿ ನಡೆಯುವಂಥದು. ಮಹಾರಾಷ್ಟ್ರದ ಖಾಶಾಬಾ ಜಾಧವ್ ಅವರು ಮಣ್ಣಿನಲ್ಲಿ ಬೆಳೆದು 1948ರಲ್ಲಿ ಲಂಡನ್ನಿನ ಹಾಸಿಗೆ ಇಳಿದಾಗ ಆರನೆಯ ಸ್ಥಾನ ಪಡೆದರು. ನಾಲ್ಕು ವರ್ಷ ಅದಕ್ಕೆ ಒಗ್ಗಿಕೊಂಡು 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದರು. ಮಣ್ಣು ಅವರಿಗೆ ಬಲ ಕೊಟ್ಟಿತು, ಹಾಸು ಬೇರೊಂದು ಲೆಕ್ಕ ಕಲಿಸಿತು. ನಮ್ಮ ತಂದೆಯವರು ಎಂದೂ ಹಾಸಿನ ಮೇಲೆ ಆಡಿದವರಲ್ಲ. ಆದರೆ ಎಪ್ಪತ್ತು ದಾಟಿದ ಮೇಲೂ ಬೆಳಗಿನ ಬಸ್ಕಿ ತಪ್ಪಿಸಿದವರೂ ಅಲ್ಲ.

ಈಗ ಮನೆಯ ಸಂಗತಿಗೆ ಬರುತ್ತೇನೆ. ಮೊಮ್ಮಗಳಿಗೆ ಹದಿಮೂರು ತುಂಬಿದಾಗ ಜಿಲ್ಲಾಮಟ್ಟದ ಸ್ಪರ್ಧೆಯಲ್ಲಿ ಬೆಳ್ಳಿ ಬಂದಿತು. ಒಂದು ತರಬೇತಿ ಶಿಬಿರದವರು ಅವಳನ್ನು ಕರೆದುಕೊಂಡರು; ಶಿಬಿರದ ಹೆಸರು ಇಲ್ಲಿ ಬೇಡ. ಅವಳ ತೂಕ ಆಗ ನಲವತ್ಮೂರೂವರೆ ಕಿಲೋ. ರಾಜ್ಯಮಟ್ಟಕ್ಕೆ ಹೋಗುವಾಗ 41 ಕಿಲೋ ಒಳಗಿನ ವಿಭಾಗದಲ್ಲಿ ಆಡಿದರೆ ಗಿಡ್ಡ ಹುಡುಗಿಯರು ಎದುರಾಗುತ್ತಾರೆ, ಪದಕ ಖಚಿತ ಎಂಬುದು ಅಲ್ಲಿನ ಲೆಕ್ಕ. ಸಮಯವಿದ್ದದ್ದು ಹತ್ತು ದಿನ. ತೂಕ ಇಳಿಸುವ ಈ ಪದ್ಧತಿ ಒಂದು ಶಿಬಿರದ ದೋಷವಷ್ಟೇ ಅಲ್ಲ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗಂಡಸರಿಗೆ ಎಂಟು, ಹೆಂಗಸರಿಗೆ ಎಂಟು ತೂಕದ ವಿಭಾಗಗಳಿದ್ದರೆ ಒಲಿಂಪಿಕ್ಸ್‌ನಲ್ಲಿರುವುದು ನಾಲ್ಕು ನಾಲ್ಕೇ. ಹೆಂಗಸರಿಗೆ 49, 57, 67 ಕಿಲೋ, ಅದರ ಮೇಲಿನವರಿಗೆ ಇನ್ನೊಂದು. ನಡುವೆ ಸಿಕ್ಕಿಕೊಂಡವರು ಇಳಿಯಬೇಕು, ಇಲ್ಲವೇ ತಮಗಿಂತ ಭಾರದವರೊಡನೆ ಸೆಣಸಬೇಕು. ದೊಡ್ಡವರ ಆ ಲೆಕ್ಕಾಚಾರ ಹರಿದು ಹರಿದು ಹದಿಮೂರರ ಮಕ್ಕಳವರೆಗೂ ಬಂದಿದೆ.

ಮೂರನೆಯ ದಿನ ರಾತ್ರಿ ಅವಳು ತಟ್ಟೆಯನ್ನು ಸರಿಸಿದಳು.

“ಯಾಕವಾ, ಆರಾಮಿಲ್ಲೇನು?” ಎಂದು ನನ್ನ ಶ್ರೀಮತಿ ಕೇಳಿದರು.

“ರೊಟ್ಟಿ ಒಲ್ಲೆ, ಅಜ್ಜಿ. ಮುಂಜಾನೆ ತೂಕ ಮಾಡ್ತಾರ.”

ಮರುದಿನದಿಂದ ಬಿಸಿಲಿನಲ್ಲಿ ಮಳೆಯಂಗಿ ತೊಟ್ಟು ಓಡುವುದು ಆರಂಭವಾಯಿತು. ಬೆವರು ಹರಿದಷ್ಟೂ ತೂಕ ಇಳಿಯುತ್ತದೆಯಂತೆ. ನೀರನ್ನೂ ಅಳೆದು ಕುಡಿಯತೊಡಗಿದಳು. ಮನೆಯಲ್ಲಿ ಮಾತು ಬೆಳೆಯಿತು. ನನ್ನ ಮಗ ಹೇಳಿದ: “ಅಪ್ಪಾ, ರಾಜ್ಯಮಟ್ಟದ ಸರ್ಟಿಫಿಕೇಟ್ ಇದ್ದರ ಮುಂದ ಕಾಲೇಜ್ ಸೀಟಿಗೆ ಅನುಕೂಲ ಆಗತೈತಿ. ಹತ್ತ ದಿನದ ಮಾತು.” ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ, ನಮ್ಮಂತಹ ಸಂಬಳದ ಮನೆಗಳಲ್ಲಿ ಒಂದು ಸೀಟಿನ ಬೆಲೆ ಏನೆಂಬುದು ಎಲ್ಲರಿಗೂ ಗೊತ್ತು. “ಬೆಳೆಯೋ ಹುಡುಗೀನ ಉಪಾಸ ಕೆಡವಿ ಏನ ಗೆಲ್ಲೂದೈತಿ?” ಎಂದು ಅವಳ ಅಜ್ಜಿ ಕಣ್ಣೀರಿಟ್ಟರು. ಸೊಸೆ ಮಾತನಾಡಲಿಲ್ಲ. ಐದನೆಯ ದಿನ ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಹುಡುಗಿಗೆ ತಲೆಸುತ್ತು ಬಂದು ಕುಳಿತುಕೊಂಡಳೆಂದು ಕೇಳಿದಾಗ, ಸೊಸೆಯೇ ಮಗಳ ಕೈಹಿಡಿದು ಹಳೆಯ ಗುರುಗಳ ಬಳಿಗೆ ನಡೆದಳು. ನಾನೂ ಹೋದೆ.

ಗುರುಗಳು ಶಿಬಿರವನ್ನು ಬಯ್ಯುವರೆಂದು ನಾನು ನಿರೀಕ್ಷಿಸಿದ್ದೆ. ಅವರು ಬಯ್ಯಲಿಲ್ಲ. “ನಾ ಸ್ಪರ್ಧೆ ಬ್ಯಾಡ ಅನ್ನಾಂವಲ್ಲ, ಸರ್. ನಾನೂ ಆಡೇನಿ. ಆಕಿ ಇದ್ದ ತೂಕದಾಗ ಆಡ್ಲಿ. ಸೋತರ ಸೋಲ್ಲಿ, ಅದೂ ಗೊತ್ತಾಗಬೇಕಲ್ಲ,” ಎಂದರು. ಹುಡುಗಿಯ ಕಡೆ ತಿರುಗಿ, “ನೀ ಏನಂತಿ?” ಎಂದು ಕೇಳಿದರು. ಈ ಐದು ದಿನಗಳಲ್ಲಿ ಅವಳನ್ನು ಯಾರೂ ಕೇಳಿರದ ಪ್ರಶ್ನೆ ಅದು. ಅವಳು 44 ಕಿಲೋ ವಿಭಾಗಕ್ಕೆ ಹೆಸರು ಕೊಟ್ಟಳು. ಶಿಬಿರದವರು ಮುನಿಸಿಕೊಂಡರು. ರಾಜ್ಯಮಟ್ಟದಲ್ಲಿ ಮೊದಲ ಪಂದ್ಯ ಗೆದ್ದು, ಎರಡನೆಯದರಲ್ಲಿ ತನಗಿಂತ ಒಂದು ಚೋಟುದ್ದ ಎತ್ತರದ ಹುಡುಗಿಯ ಎದುರು ಸೋತಳು. ಬಸ್ಸಿನಲ್ಲಿ ಹಾವೇರಿ ದಾಟುವವರೆಗೂ ಅತ್ತಳು. ಮನೆಗೆ ಬಂದು ಶೇಂಗಾ ಹಿಂಡಿಯೊಡನೆ ಮೂರು ರೊಟ್ಟಿ ತಿಂದಳು.

ಆ ಸೋಲು ಒಂದು ವಿಷಯವನ್ನು ಬಯಲಿಗೆ ತಂದಿತು. ಪೂಮ್ಸೆಯಲ್ಲಿ ಒಂದು ಕೈ ಹೊಡೆಯುವಾಗ ಇನ್ನೊಂದು ಕೈಯನ್ನು ಮುಷ್ಟಿ ಕಟ್ಟಿ ಸೊಂಟಕ್ಕೆ ಎಳೆದುಕೊಳ್ಳಬೇಕು. ಆರು ವರ್ಷಗಳ ಆ ರೂಢಿಯಿಂದ ಅವಳ ಕೈ ಕಣದಲ್ಲಿಯೂ ತಾನಾಗಿ ಕೆಳಗಿಳಿಯುತ್ತಿತ್ತು. ಎತ್ತರದ ಹುಡುಗಿ ಆ ತೆರವನ್ನು ಕಂಡುಕೊಂಡು ಪಕ್ಕೆಗೆ ಒದೆಯುತ್ತಲೇ ಹೋದಳು. ಗುರುಗಳು ಅಂಕ ಎಷ್ಟೆಂದು ಕೇಳಲಿಲ್ಲ, ಎಲ್ಲಿ ಒದೆ ಬಿತ್ತೆಂದು ಕೇಳಿದರು. ಎದುರಾಳಿಯೇ ಇಲ್ಲದೆ ಅಭ್ಯಾಸ ಮಾಡುವ ವಿದ್ಯೆ ತನ್ನ ತಪ್ಪನ್ನು ತಾನು ಕಾಣಲಾರದು. ಕಣದಲ್ಲಿ ಎರಡೇ ನಿಮಿಷಗಳಲ್ಲಿ ಅದು ಕಾಣುತ್ತದೆ. ಸ್ಪರ್ಧೆಯ ಪರವಾಗಿ ನಾನು ಕೇಳಿದ ವಾದಗಳಲ್ಲೆಲ್ಲ ಇದೇ ಗಟ್ಟಿಯಾದದ್ದು. ಇನ್ನೊಂದು ಮಗ್ಗುಲೂ ಇದೆ. ಕಣದಲ್ಲಿ ಮಾತ್ರ ಬೆಳೆದ ಮಕ್ಕಳನ್ನು ನಾನು ಸ್ಪರ್ಧೆಗಳಲ್ಲಿ ನೋಡಿದ್ದೇನೆ: ಒಂದೇ ಕಾಲಿನ ಒಂದೇ ಒದೆಯಲ್ಲಿ ನಿಪುಣರು, ಇನ್ನೊಂದು ಕಾಲಿನ ಮೇಲೆ ನೆಟ್ಟಗೆ ನಿಲ್ಲಲಾರರು. ಪದಕದ ವಯಸ್ಸು ಮುಗಿದ ಮೇಲೆ ಅವರಲ್ಲಿ ಹಲವರು ಈ ಕಡೆ ತಲೆಹಾಕುವುದಿಲ್ಲ. ಐವತ್ತು ದಾಟಿದ ನಮ್ಮ ರೈಲ್ವೆ ಗುರುಗಳು ಮಾತ್ರ ಪಾಳಿ ಮುಗಿಸಿ ಬಂದು, ಮಕ್ಕಳೆಲ್ಲ ಹೋದ ಮೇಲೆ, ದೀಪವೊಂದನ್ನು ಉಳಿಸಿಕೊಂಡು ತಮ್ಮ ಪೂಮ್ಸೆಯನ್ನು ಮಾಡುತ್ತಾರೆ.

ಸಂಪ್ರದಾಯದ ಹೆಸರು ಹೇಳುವವರೆಲ್ಲ ಇವರಂತಿಲ್ಲ ಎಂಬುದನ್ನೂ ಹೇಳಬೇಕು. ಮೂರು ತಿಂಗಳಿಗೊಂದು ಪರೀಕ್ಷೆ, ಪರೀಕ್ಷೆಗೊಂದು ಶುಲ್ಕ, ಶುಲ್ಕಕ್ಕೊಂದು ಬಣ್ಣದ ಪಟ್ಟಿ ಎಂದು ನಡೆಸುವವರೂ ಇದ್ದಾರೆ. ಎರಡು ವರ್ಷಕ್ಕೇ ಕಪ್ಪು ಪಟ್ಟಿ ಕಟ್ಟಿಕೊಂಡ ಮಕ್ಕಳಿಗೆ ಒಂದು ನಿಲುವೂ ಸರಿಯಾಗಿ ಬರದು. ಅಲ್ಲಿ ಯಾವ ಎದುರಾಳಿಯೂ ಇಲ್ಲದ್ದರಿಂದ ಅದನ್ನು ಯಾರೂ ಕೇಳುವುದೂ ಇಲ್ಲ. ಪೂಮ್ಸೆಗೂ 2006ರಿಂದ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿದೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಅದಕ್ಕೆ ಪದಕಗಳಿದ್ದವು. ಒಬ್ಬಂಟಿ ಅಭ್ಯಾಸಕ್ಕೂ ಅಂಕ ಬಿದ್ದಿತೆಂದು ಕೆಲವರು ನೊಂದುಕೊಂಡರು. ನನಗೆ ಅದರಲ್ಲಿ ಅಷ್ಟೇನೂ ಕೆಡುಕು ಕಾಣಲಿಲ್ಲ. ಕನಿಷ್ಠ ಆ ಅಂಕಕ್ಕಾಗಿ ಯಾರೂ ಮಳೆಯಂಗಿ ತೊಟ್ಟು ಓಡುವುದಿಲ್ಲ.

ವಿನಯದ ಮಾತೂ ಹೀಗೆಯೇ. ಚೋಯ್ ಪಂಥದವರು ಹೇಳುವ ಐದು ತತ್ತ್ವಗಳಲ್ಲಿ ಮೊದಲನೆಯದು ಸೌಜನ್ಯ, ನಾಲ್ಕನೆಯದು ಆತ್ಮನಿಗ್ರಹ. ಸ್ಪರ್ಧೆ ಇವನ್ನು ಕೆಡಿಸುತ್ತದೆಂಬುದಕ್ಕೆ ಕ್ಯೂಬಾದ ಆಂಜೆಲ್ ಮಾತೋಸ್ ಅವರನ್ನು ತೋರಿಸುತ್ತಾರೆ. ಸಿಡ್ನಿಯಲ್ಲಿ ಚಿನ್ನ ಗೆದ್ದಿದ್ದ ಆತ 2008ರಲ್ಲಿ ಕಂಚಿನ ಪಂದ್ಯದಲ್ಲಿ ಅನರ್ಹನೆಂದು ಘೋಷಿತನಾದಾಗ ತೀರ್ಪುಗಾರರ ಮುಖಕ್ಕೇ ಒದ್ದು ಆಜೀವ ನಿಷೇಧಕ್ಕೆ ಒಳಗಾದ. ಅದೇ ಆಟದಲ್ಲಿ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ ಅಂತಿಮ ಪಂದ್ಯದಲ್ಲಿ, ಕೊರಿಯಾದ ಲೀ ದಾ ಬಿನ್ ಸರ್ಬಿಯಾದ ಮಿಲಿಕಾ ಮಾಂಡಿಚ್ ಎದುರು ಸೋತರು. ಆ ಕ್ರೀಡಾಕೂಟದಲ್ಲಿ ಕೊರಿಯಾಕ್ಕೆ ತನ್ನದೇ ವಿದ್ಯೆಯಲ್ಲಿ ಒಂದು ಚಿನ್ನವೂ ದಕ್ಕಿರಲಿಲ್ಲ. ಅದಕ್ಕೆ ಉಳಿದಿದ್ದ ಕೊನೆಯ ಆಸೆ ಆಕೆಯೇ. ಸೋತ ಕ್ಷಣದಲ್ಲಿ ಆಕೆ ಮುಗುಳ್ನಕ್ಕು, ಗೆದ್ದವಳಿಗೆ ಹೆಬ್ಬೆರಳು ಎತ್ತಿ ತೋರಿಸಿದರು. ಮೊಮ್ಮಗಳು ಆ ದೃಶ್ಯವನ್ನು ಮೊಬೈಲಿನಲ್ಲಿ ನನಗೆ ಎಷ್ಟು ಸಲ ತೋರಿಸಿದ್ದಾಳೋ ಲೆಕ್ಕವಿಲ್ಲ.

ಈಗ ಅವಳು ವಾರದಲ್ಲಿ ಮೂರು ಸಂಜೆ ಪೂಮ್ಸೆ, ಎರಡು ಸಂಜೆ ಕಣದ ಅಭ್ಯಾಸ ಮಾಡುತ್ತಾಳೆ. ಹದಿನೈದು ತುಂಬುವ ಮೊದಲು ಮಕ್ಕಳಿಗೆ ಕೊಡುವ ಅರ್ಧ ಕೆಂಪು, ಅರ್ಧ ಕಪ್ಪಿನ ಪಟ್ಟಿ ಕಳಚಿ, ಪೂರ್ಣ ಕಪ್ಪು ಬಂದು ಒಂದು ವರ್ಷವಾಯಿತು. ಶನಿವಾರ ಸಣ್ಣ ಮಕ್ಕಳಿಗೆ ಮೊದಲ ಹದಿನೆಂಟು ಚಲನೆಗಳನ್ನು ಅವಳೇ ಹೇಳಿಕೊಡುತ್ತಾಳೆ. ಅವಳ ತಂದೆ ಸರ್ಟಿಫಿಕೇಟಿನ ಮಾತನ್ನು ಇನ್ನೂ ಬಿಟ್ಟಿಲ್ಲ. ಬಿಡಬೇಕೆಂದು ನಾನೂ ಹೇಳುವುದಿಲ್ಲ. ಬರುವ ಡಿಸೆಂಬರಿನಲ್ಲಿ ಆಯ್ಕೆಯ ಪಂದ್ಯಗಳಿವೆಯಂತೆ. 55 ಕಿಲೋ ಒಳಗಿನ ವಿಭಾಗಕ್ಕೆ ಹೆಸರು ಕೊಟ್ಟಿದ್ದಾಳೆ. ಮನೆಯಲ್ಲಿ ಅವಳ ತೂಕ ಈಗ ಐವತ್ತಮೂರು.